ಕಾರಿನ ನಂಬಿಕೆ, ನಿರ್ವಹಣೆಯ ಖರ್ಚು, ಅರ್ಹತಾ ಪರೀಕ್ಷೆ: ಪದೇ ಪದೇ ಕೇಳುವ ಪ್ರಶ್ನೆಗಳು

ಕಾರಿನ ಬಗ್ಗೆ ನನ್ನನ್ನು ಕೇಳುವವರಲ್ಲಿ ಹೆಚ್ಚಿನವರು ಎರಡು ಸಂದರ್ಭಗಳಲ್ಲಿ ಕೇಳುತ್ತಾರೆ: ಹಳೆಯ ಕಾರೊಂದಕ್ಕೆ ಮುಂಗಡ ಕೊಟ್ಟ ಮೇಲೆ, ಇಲ್ಲವೇ ಇರುವ ಕಾರು ಅರ್ಹತಾ ಪರೀಕ್ಷೆಯಲ್ಲಿ ನಪಾಸಾದ ಮರುದಿನ. ಎರಡೂ ತಡವಾದ ಹೊತ್ತು. ಅದಕ್ಕೆ ಮೊದಲೇ ಓದಲೆಂದು ಈ ಉತ್ತರಗಳನ್ನು ಬರೆದಿಟ್ಟಿದ್ದೇನೆ.

ಕಾರು ನಂಬಿಕಸ್ಥವಾಗಿರುವುದು, ನಿರ್ವಹಣೆ ಅಗ್ಗವಾಗಿರುವುದು, ಅರ್ಹತಾ ಪರೀಕ್ಷೆ ಪಾಸಾಗುವುದು: ಮೂರೂ ಒಂದೇ ಅಲ್ಲವೇ?

ಅಲ್ಲ. ಈ ಮೂರನ್ನು ಬೆರೆಸುವುದರಿಂದಲೇ ಬಹಳಷ್ಟು ತಪ್ಪು ತೀರ್ಮಾನಗಳು ಹುಟ್ಟುತ್ತವೆ. ದಾರಿಯಲ್ಲಿ ಎಂದೂ ಕೈಕೊಡದ ಕಾರಿನ ಬಿಡಿಭಾಗಗಳು ದುಬಾರಿಯಾಗಿರಬಹುದು. ಆಗಾಗ ತಕರಾರು ತೆಗೆಯುವ ಕಾರಿನ ದುರಸ್ತಿ ಸಾಧಾರಣ ಗ್ಯಾರೇಜಿನಲ್ಲೇ ಕಡಿಮೆ ಹಣಕ್ಕೆ ಮುಗಿಯಬಹುದು. ಅರ್ಹತಾ ಪರೀಕ್ಷೆಯಂತೂ ಎಂಜಿನ್ ಇನ್ನೆಷ್ಟು ಕಾಲ ಬಾಳುತ್ತದೆ ಎಂದು ನೋಡುವುದೇ ಇಲ್ಲ. ಆ ದಿನ ಈ ವಾಹನ ರಸ್ತೆಗಿಳಿದರೆ ಒಳಗೆ ಕುಳಿತವರಿಗೂ ಎದುರಿಗೆ ಬರುವವರಿಗೂ ಅಪಾಯವಿದೆಯೇ, ಹೊಗೆ ಮಿತಿಯೊಳಗಿದೆಯೇ ಎಂಬುದಷ್ಟೇ ಅದಕ್ಕೆ ಬೇಕು.

ಇದನ್ನು ನಾನು ಕಲಿತದ್ದು ನಷ್ಟದಿಂದ. ಒಂದು ವಾರದ ಹಿಂದಷ್ಟೇ ಪರೀಕ್ಷೆ ಪಾಸಾಗಿದ್ದ ಕಾರನ್ನು ಆ ಪ್ರಮಾಣಪತ್ರದ ಭರವಸೆಯ ಮೇಲೆಯೇ ಕೊಂಡೆ. ತಿಂಗಳು ತುಂಬುವ ಮೊದಲೇ ಕ್ಲಚ್ ಹೋಯಿತು. ಪರೀಕ್ಷಕರದೇನೂ ತಪ್ಪಿರಲಿಲ್ಲ, ಕ್ಲಚ್ ಅವರ ಪಟ್ಟಿಯಲ್ಲಿ ಇರಲೇ ಇಲ್ಲ. ಬ್ರಿಟನ್ನಿನಲ್ಲಿ ನಡೆಯುವ ಎಂಒಟಿ ಎಂಬ ಅರ್ಹತಾ ಪರೀಕ್ಷೆಯಲ್ಲೂ ಎಂಜಿನ್, ಗೇರ್‌ಬಾಕ್ಸ್, ಕ್ಲಚ್‌ಗಳ ಒಳಗಿನ ಸ್ಥಿತಿಯನ್ನು ನೋಡುವುದಿಲ್ಲ. ಕೊಳ್ಳುವವರು ಪ್ರಮಾಣಪತ್ರವನ್ನು ನೋಡಲೇಬೇಕು, ಆದರೆ ಅಷ್ಟಕ್ಕೇ ನಿಲ್ಲಬಾರದು.

ಎಲ್ಲ ದೇಶಗಳಲ್ಲೂ ಪರೀಕ್ಷೆ ಒಂದೇ ತೆರನಾಗಿದೆಯೇ?

ನೋಡುವ ಅಂಶಗಳು ಹೆಚ್ಚುಕಡಿಮೆ ಒಂದೇ, ಗಡುವು ಬೇರೆ. ಜರ್ಮನಿಯಲ್ಲೂ ಜಪಾನಿನಲ್ಲೂ ಹೊಸ ಕಾರಿಗೆ ಮೂರು ವರ್ಷ ತುಂಬಿದಾಗ ಮೊದಲ ಪರೀಕ್ಷೆ, ಆಮೇಲೆ ಎರಡು ವರ್ಷಕ್ಕೊಮ್ಮೆ. ಫ್ರಾನ್ಸಿನಲ್ಲಿ ಮೊದಲ ಪರೀಕ್ಷೆ ನಾಲ್ಕು ವರ್ಷಕ್ಕೆ. ಇಂಗ್ಲೆಂಡಿನಲ್ಲಿ ಮೂರು ವರ್ಷದ ನಂತರ ಪ್ರತಿ ವರ್ಷವೂ. ಇದಕ್ಕೆ ತದ್ವಿರುದ್ಧವಾಗಿ ಅಮೆರಿಕದ ಟೆಕ್ಸಾಸ್ ರಾಜ್ಯವು ಖಾಸಗಿ ಕಾರುಗಳ ವಾರ್ಷಿಕ ಸುರಕ್ಷತಾ ಪರೀಕ್ಷೆಯನ್ನು 2025ರ ಆರಂಭದಿಂದ ಕೈಬಿಟ್ಟಿದೆ. ಅದು ಒಳ್ಳೆಯ ನಿರ್ಧಾರವೆಂದು ನನಗೆ ಅನ್ನಿಸುವುದಿಲ್ಲ.

ಯಾಕೆ ಎನ್ನುವುದಕ್ಕೆ ಎಂಒಟಿಯ ಹುಟ್ಟೇ ಉತ್ತರ ಹೇಳುತ್ತದೆ. 1960ರಲ್ಲಿ ಅದು ಶುರುವಾದಾಗ ಹತ್ತು ವರ್ಷ ದಾಟಿದ ವಾಹನಗಳ ಬ್ರೇಕು, ದೀಪ, ಸ್ಟೀರಿಂಗ್ ಮಾತ್ರ ನೋಡುತ್ತಿದ್ದರು. ಎಷ್ಟೊಂದು ವಾಹನಗಳು ನಪಾಸಾದವೆಂದರೆ, ಮರುವರ್ಷವೇ ಆ ಮಿತಿಯನ್ನು ಏಳು ವರ್ಷಕ್ಕೆ ಇಳಿಸಬೇಕಾಯಿತು. 1967ರಲ್ಲಿ ಅದು ಮೂರಕ್ಕೆ ಬಂತು. ತಪಾಸಣೆ ಇಲ್ಲದಾಗ ಜನ ತಮ್ಮ ವಾಹನದ ಸ್ಥಿತಿಯನ್ನು ಎಷ್ಟು ತಪ್ಪಾಗಿ ಅಂದಾಜು ಮಾಡಿಕೊಂಡಿರುತ್ತಾರೆ ಎಂಬುದು ಆಗಲೇ ಬಯಲಾಗಿತ್ತು.

ಕಾರುಗಳು ಹೆಚ್ಚಾಗಿ ಯಾವ ಕಾರಣಕ್ಕೆ ನಪಾಸಾಗುತ್ತವೆ?

ಎಂಜಿನ್ ಸೀಳುವುದು, ಗೇರ್‌ಬಾಕ್ಸ್ ಒಡೆಯುವುದು ಎಂದೆಲ್ಲ ಜನ ಊಹಿಸುತ್ತಾರೆ. ವಾಸ್ತವದಲ್ಲಿ ವರ್ಷ ವರ್ಷವೂ ಮುಂದಿರುವ ಕಾರಣಗಳು ದೀಪ, ಸಸ್ಪೆನ್ಷನ್, ಬ್ರೇಕ್ ಮತ್ತು ಟೈರ್. ಸುಟ್ಟ ಬಲ್ಬು, ದಿಕ್ಕು ತಪ್ಪಿದ ಹೆಡ್‌ಲೈಟ್, ಸವೆದ ಬುಷ್ (ಸಸ್ಪೆನ್ಷನ್ನಿನ ರಬ್ಬರ್ ಮೆತ್ತೆ), ಹರಿದ ರಬ್ಬರ್ ಮುಸುಕಿನಿಂದ ಗ್ರೀಸ್ ಸೋರಿ ಒಣಗಿದ ಬಾಲ್ ಜಾಯಿಂಟ್ (ಸಸ್ಪೆನ್ಷನ್ನಿನ ಕೀಲು): ಇಂಥವೇ.

ಬ್ರೇಕಿನ ವಿಚಾರವನ್ನು ಸ್ವಲ್ಪ ಬಿಡಿಸಿ ಹೇಳಬೇಕು. "ಬ್ರೇಕ್ ಚೆನ್ನಾಗಿಯೇ ಹಿಡಿಯುತ್ತಿತ್ತಲ್ಲ, ಹೇಗೆ ನಪಾಸಾಯಿತು?" ಎಂದು ಕೇಳುವವರು ಬಹಳ. ಪರೀಕ್ಷಾ ಕೇಂದ್ರದಲ್ಲಿ ಚಕ್ರಗಳನ್ನು ತಿರುಗುವ ರೋಲರುಗಳ ಮೇಲೆ ನಿಲ್ಲಿಸಿ, ಒಂದೊಂದು ಚಕ್ರದ ಹಿಡಿತವನ್ನೂ ಬೇರೆಬೇರೆಯಾಗಿ ಅಳೆಯುತ್ತಾರೆ. ಒಂದೇ ಆಕ್ಸಲ್‌ನ ಎಡ ಬಲ ಚಕ್ರಗಳ ಹಿಡಿತದಲ್ಲಿ ಶೇಕಡ 30ಕ್ಕಿಂತ ಹೆಚ್ಚು ವ್ಯತ್ಯಾಸ ಕಂಡರೆ ಯುರೋಪಿನ ಪರೀಕ್ಷೆಗಳಲ್ಲಿ ಕಾರು ನಪಾಸು. ಒಣ ರಸ್ತೆಯಲ್ಲಿ ನಿಧಾನವಾಗಿ ಓಡಿಸುವವರಿಗೆ ಈ ವ್ಯತ್ಯಾಸ ತಿಳಿಯುವುದೇ ಇಲ್ಲ. ಮಳೆಯಲ್ಲಿ, ವೇಗದಲ್ಲಿ, ಅಡ್ಡ ಬಂದ ಮಗುವನ್ನು ಕಂಡು ಪೂರ್ತಿ ಬಲದಿಂದ ಬ್ರೇಕ್ ತುಳಿದಾಗ ಕಾರು ಒಂದು ಕಡೆಗೆ ಎಳೆದುಕೊಂಡು ಹೋಗುತ್ತದೆ. ಯಂತ್ರ ನಮಗೆ ಮೊದಲೇ ಹೇಳುವುದು ಆ ಕ್ಷಣವನ್ನು. ಕಾರಣ ಸಾಮಾನ್ಯವಾಗಿ ಪ್ಯಾಡುಗಳನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರ್ ಇಲ್ಲವೇ ಅದರ ಪಿನ್ನು ತುಕ್ಕು ಹಿಡಿದು ಸಿಕ್ಕಿಕೊಂಡಿರುವುದು. ವರ್ಷಕ್ಕೊಮ್ಮೆ ಬಿಚ್ಚಿ, ಶುಚಿ ಮಾಡಿ, ಸರಿಯಾದ ಗ್ರೀಸ್ ಹಚ್ಚಿದ್ದರೆ ಉಗುರಿನಲ್ಲಿ ಹೋಗುತ್ತಿದ್ದ ಕೆಲಸ ಅದು. ಬಿಟ್ಟರೆ ಪ್ಯಾಡು, ಡಿಸ್ಕು, ಕ್ಯಾಲಿಪರು ಮೂರಕ್ಕೂ ಕೊಡಲಿ.

ಟೈರಿನ ಮೇಲಿನ ಗೀರುಗಳ ಆಳ ಕನಿಷ್ಠ 1.6 ಮಿ.ಮೀ. ಇರಬೇಕೆಂಬ ನಿಯಮ ಬಹಳಷ್ಟು ಕಡೆ ಇದೆ. ಅದು ಕಾನೂನಿನ ಗೆರೆ, ಸುರಕ್ಷತೆಯ ಗೆರೆ ಅದಕ್ಕಿಂತ ಮೇಲಿದೆ. 3 ಮಿ.ಮೀ.ಗೆ ಇಳಿದಾಗಲೇ ನೀರನ್ನು ಹೊರದಬ್ಬುವ ಶಕ್ತಿ ಗಣನೀಯವಾಗಿ ಕುಗ್ಗಿರುತ್ತದೆ. ನಾನು ಅಲ್ಲಿಗೇ ಬದಲಿಸುತ್ತೇನೆ.

ಪರೀಕ್ಷೆಗೆ ಮುನ್ನ ನಾವೇ ಏನನ್ನು ನೋಡಿಕೊಳ್ಳಬಹುದು?

ಅರ್ಧ ಗಂಟೆ ಸಾಕು. ಸಂಜೆ ಗೋಡೆಯ ಎದುರು ಕಾರು ನಿಲ್ಲಿಸಿ ಎಲ್ಲ ದೀಪಗಳನ್ನೂ ಹಚ್ಚಿ, ಹಿಂದಿನ ಬ್ರೇಕ್ ದೀಪಕ್ಕೆ ಇನ್ನೊಬ್ಬರ ಕಣ್ಣು ಬೇಕು. ನಂಬರ್ ಪ್ಲೇಟಿನ ಮೇಲಿನ ಪುಟ್ಟ ಬಲ್ಬನ್ನು ಮರೆಯಬೇಡಿ, ಎಲ್ಲರೂ ಮರೆಯುವುದು ಅದನ್ನೇ. ವೈಪರ್ ಗಾಜನ್ನು ಗೆರೆಯಿಲ್ಲದಂತೆ ಒರೆಸಬೇಕು, ಗಾಜು ತೊಳೆಯುವ ನೀರು ಚಿಮ್ಮಬೇಕು. ಮುಂಗಾಜಿನಲ್ಲಿ ಚಾಲಕನ ಕಣ್ಣ ನೇರಕ್ಕಿರುವ ಪಟ್ಟಿಯಲ್ಲಿ 10 ಮಿ.ಮೀ.ಗಿಂತ ದೊಡ್ಡ ಚುಕ್ಕೆ ಬಿದ್ದಿದ್ದರೆ ಬ್ರಿಟನ್ನಿನಲ್ಲಿ ನಪಾಸು ಮಾಡುತ್ತಾರೆ, ವೈಪರ್ ಒರೆಸುವ ಉಳಿದ ಭಾಗದಲ್ಲಿ 40 ಮಿ.ಮೀ.ವರೆಗೆ ಬಿಡುತ್ತಾರೆ. ಸೀಟ್ ಬೆಲ್ಟನ್ನು ಪೂರ್ತಿ ಎಳೆದು ಅಂಚು ಹರಿದಿದೆಯೇ ನೋಡಿ. ಟೈರಿನ ಒಳಬದಿಯನ್ನು ಕೈಯಿಂದ ತಡವಿ ನೋಡಿ. ಚಕ್ರದ ಅಲೈನ್‌ಮೆಂಟ್ ತಪ್ಪಿದ್ದರೆ ಹೊರಬದಿ ಹೊಸದರಂತೆ ಕಂಡರೂ ಒಳಬದಿಯಲ್ಲಿ ತಂತಿ ಎದ್ದಿರುತ್ತದೆ.

ಪರೀಕ್ಷಾ ಕೇಂದ್ರಕ್ಕೆ ತಣ್ಣಗಿನ ಕಾರನ್ನು ಒಯ್ಯಬೇಡಿ. ಹೊಗೆಯನ್ನು ಶುದ್ಧಗೊಳಿಸುವ ಕ್ಯಾಟಲಿಟಿಕ್ ಕನ್ವರ್ಟರ್ ಕೆಲಸ ಮಾಡಬೇಕಾದರೆ ಸುಮಾರು 300 ಡಿಗ್ರಿ ಸೆಲ್ಸಿಯಸ್ ಕಾವು ಬೇಕು. ಇಪ್ಪತ್ತು ನಿಮಿಷ ಹೆದ್ದಾರಿಯಲ್ಲಿ ಓಡಿಸಿ, ಎಂಜಿನ್ ಆರಿಸದೆ ಸರದಿಯಲ್ಲಿ ನಿಂತರೆ ಹೊಗೆಯ ಮಿತಿಯ ಅಂಚಿನಲ್ಲಿರುವ ಎಷ್ಟೋ ಕಾರುಗಳು ಪಾಸಾಗುತ್ತವೆ. ಇದು ಮೋಸವಲ್ಲ, ಕಾರು ರಸ್ತೆಯಲ್ಲಿ ಓಡುವಾಗ ಇರುವ ಸ್ಥಿತಿಯೇ ಅದು.

ಎಂಜಿನ್ ದೀಪ ಹತ್ತಿಕೊಂಡಿದೆ. ಪರೀಕ್ಷೆಯ ಹಿಂದಿನ ದಿನ ಸ್ಕ್ಯಾನರ್‌ನಿಂದ ಕೋಡ್ ಅಳಿಸಿಬಿಟ್ಟರೆ ಆಗದೇ?

ಆಗುವುದಿಲ್ಲ. ಕೋಡ್ ಅಳಿಸಿದಾಗ ಕಾರಿನ ಕಂಪ್ಯೂಟರ್ ತನ್ನ ಸ್ವಯಂ ತಪಾಸಣೆಗಳ ಫಲಿತಾಂಶಗಳನ್ನೂ ಅಳಿಸಿಕೊಳ್ಳುತ್ತದೆ. ಅವು ಮತ್ತೆ ಪೂರ್ಣಗೊಳ್ಳಲು ಹಲವು ದಿನಗಳ ಸಾಮಾನ್ಯ ಓಡಾಟ ಬೇಕು. ಅಮೆರಿಕದಲ್ಲಿ 1996ರ ಮಾದರಿಗಳಿಂದ ಒಬಿಡಿ-2 ಎಂಬ ಈ ಸ್ವಯಂ ತಪಾಸಣಾ ವ್ಯವಸ್ಥೆ ಕಡ್ಡಾಯವಾಗಿದೆ. ಅಲ್ಲಿನ ಹೊಗೆ ತಪಾಸಣೆಯಲ್ಲಿ ಈ ಸ್ವಯಂ ತಪಾಸಣೆಗಳು ಅಪೂರ್ಣವಾಗಿರುವುದು ಕಂಡರೆ ಕಾರನ್ನು ಹಾಗೆಯೇ ಹಿಂದಕ್ಕೆ ಕಳಿಸುತ್ತಾರೆ. ಏರ್‌ಬ್ಯಾಗ್ ಎಚ್ಚರಿಕೆ ದೀಪದ ಬಲ್ಬನ್ನೇ ಕಿತ್ತು ಕಾರು ಮಾರುವವರೂ ಇದ್ದಾರೆ. ಅದಕ್ಕೇ ಕೀಲಿ ತಿರುಗಿಸಿದ ಕೂಡಲೇ ಎಲ್ಲ ಎಚ್ಚರಿಕೆ ದೀಪಗಳೂ ಒಮ್ಮೆ ಬೆಳಗಿ ಆರುತ್ತವೆಯೇ ಎಂದು ಎಣಿಸಿ ನೋಡಿ. ಬೆಳಗದ ದೀಪ, ಆರದ ದೀಪದಷ್ಟೇ ಅನುಮಾನಾಸ್ಪದ.

ಪರೀಕ್ಷೆಯ ವರದಿಗಳಲ್ಲಿ ಮೊದಲ ಸ್ಥಾನ ಪಡೆದ ಮಾದರಿಯನ್ನು ಕಣ್ಣು ಮುಚ್ಚಿ ಕೊಳ್ಳಬಹುದೇ?

ಕಣ್ಣು ತೆರೆದು ಓದಿದರೆ ಆ ವರದಿಗಳು ಬಂಗಾರ, ಮುಚ್ಚಿ ಓದಿದರೆ ದಾರಿ ತಪ್ಪಿಸುತ್ತವೆ. ಜರ್ಮನಿಯ ಟ್ಯುವ್ ಸಂಸ್ಥೆ ಪ್ರತಿ ವರ್ಷ ತನ್ನ ಪರೀಕ್ಷಾ ಕೇಂದ್ರಗಳ ಫಲಿತಾಂಶವನ್ನು ಮಾದರಿವಾರು, ವಯಸ್ಸುವಾರು ಪ್ರಕಟಿಸುತ್ತದೆ. ಅದರಲ್ಲಿ ಪೋರ್ಷೆ 911 ಮತ್ತೆ ಮತ್ತೆ ಮೇಲೆ ಬಂದಿದೆ. ಡಾಸಿಯಾ ಲೋಗನ್ ಹಲವು ಬಾರಿ ತಳದಲ್ಲಿ ಕಂಡಿದೆ. 911 ಒಳ್ಳೆಯ ಕಾರೆಂಬುದರಲ್ಲಿ ಸಂದೇಹವಿಲ್ಲ. ಆದರೆ ಅದನ್ನು ಇಟ್ಟುಕೊಂಡವರು ಯಾರು? ವರ್ಷಕ್ಕೆ ಕೆಲವೇ ಸಾವಿರ ಕಿಲೋಮೀಟರ್ ಓಡಿಸಿ, ಮಳೆ ಬಂದರೆ ಒಳಗೆ ನಿಲ್ಲಿಸಿ, ಪರೀಕ್ಷೆಗೆ ಮುನ್ನ ಸರ್ವಿಸ್ ಮಾಡಿಸುವವರು. ಲೋಗನ್ ಕೊಳ್ಳುವವರು ಪ್ರತಿ ದಿನ ದುಡಿಸಿಕೊಳ್ಳುವವರು, ಸರ್ವಿಸ್‌ಗೆ ಹಣ ತೆಗೆಯುವ ಮುನ್ನ ಎರಡು ಬಾರಿ ಯೋಚಿಸಬೇಕಾದವರು. ವರದಿಯ ಅಂಕಿಯಲ್ಲಿ ಕಾರಿನ ಗುಣವೂ ಮಾಲೀಕರ ಕಿಸೆಯೂ ಒಟ್ಟಿಗೇ ಅಚ್ಚಾಗಿರುತ್ತವೆ.

ಇದಕ್ಕೆ ಇನ್ನೂ ಒಳ್ಳೆಯ ಉದಾಹರಣೆ ಟೆಸ್ಲಾ ಮಾಡೆಲ್ 3. 2024ರ ಟ್ಯುವ್ ವರದಿಯಲ್ಲಿ ಎರಡು-ಮೂರು ವರ್ಷದ ಕಾರುಗಳ ಗುಂಪಿನಲ್ಲಿ ಅದು ಕೊನೆಯ ಸ್ಥಾನದಲ್ಲಿತ್ತು, ಶೇಕಡ 14.7ರಷ್ಟು ಕಾರುಗಳಲ್ಲಿ ಗಂಭೀರ ದೋಷ ಕಂಡುಬಂತು. ದೀಪ, ಬ್ರೇಕ್ ಡಿಸ್ಕ್, ಸಸ್ಪೆನ್ಷನ್‌ಗಳದೇ ದೂರು, ಮೋಟರಿನದಲ್ಲ. ಆ ಕಾರಿಗೆ ನಿಗದಿತ ವಾರ್ಷಿಕ ಸರ್ವಿಸ್ ಇಲ್ಲ. ಹಾಗಾಗಿ ಮೊದಲ ಪರೀಕ್ಷೆಯ ದಿನದವರೆಗೆ ಯಾರೂ ಅದರ ಅಡಿಗೆ ಬಗ್ಗಿ ನೋಡದಿರುವ ಸಾಧ್ಯತೆ ಹೆಚ್ಚು. ಬೇರೆ ಕಾರುಗಳಲ್ಲಿ ಇದೇ ಬಗೆಯ ದೋಷಗಳನ್ನು ಸರ್ವಿಸ್ ಮಾಡುವ ಮೆಕ್ಯಾನಿಕ್ ಮೊದಲೇ ಸರಿಪಡಿಸಿರುತ್ತಾನೆ, ಅವು ವರದಿಗೆ ಬರುವುದೇ ಇಲ್ಲ. ನಪಾಸಿನ ಅಂಕಿ ಬಹುಮಟ್ಟಿಗೆ ಆರೈಕೆಯ ಅಂಕಿ ಎಂದು ನಾನು ಹಟ ಹಿಡಿದು ಹೇಳುವುದು ಇದರಿಂದಲೇ.

ಹಾಗಾದರೆ ವರದಿಯನ್ನು ಹೇಗೆ ಬಳಸಬೇಕು? ಒಂದೇ ಬೆಲೆಯ, ಒಂದೇ ಬಗೆಯ ಬಳಕೆಯ ಕಾರುಗಳನ್ನು ಮಾತ್ರ ಪರಸ್ಪರ ಹೋಲಿಸಿ. ಸರಾಸರಿ ಓಡಿದ ದೂರವನ್ನು ಪಕ್ಕದಲ್ಲಿಟ್ಟುಕೊಳ್ಳಿ. ಮುಖ್ಯವಾಗಿ, ಆ ಮಾದರಿ ಯಾವ ಭಾಗದಲ್ಲಿ ಸೋಲುತ್ತದೆ ಎಂಬ ವಿವರ ಓದಿ. ಅಲ್ಲಿ ಸಿಗುವುದು ನಿಮ್ಮ ಕಾರಿನ ಮುಂದಿನ ಐದು ವರ್ಷದ ಖರ್ಚಿನ ಪಟ್ಟಿ.

ನಂಬಿಕೆಯ ಸಮೀಕ್ಷೆಗಳು ಒಂದಕ್ಕೊಂದು ತಾಳೆಯಾಗುವುದಿಲ್ಲವಲ್ಲ?

ಅವು ಅಳೆಯುವ ವಸ್ತುಗಳೇ ಬೇರೆ. ಅಮೆರಿಕದ ಸಮೀಕ್ಷಾ ಸಂಸ್ಥೆ ಜೆ.ಡಿ. ಪವರ್‌ನ ಬಾಳಿಕೆ ಸಮೀಕ್ಷೆ ಮೂರು ವರ್ಷದ ಕಾರುಗಳ ಮಾಲೀಕರನ್ನು ಕೇಳಿ, ನೂರು ಕಾರಿಗೆ ಎಷ್ಟು ತೊಂದರೆ ಎಂದು ಎಣಿಸುತ್ತದೆ. ಅಲ್ಲಿ ಮೊಬೈಲ್ ಜೋಡಣೆಯಾಗಲಿಲ್ಲ ಎಂಬುದೂ ಒಂದು ತೊಂದರೆ, ಗೇರ್‌ಬಾಕ್ಸ್ ಹೋಯಿತು ಎಂಬುದೂ ಒಂದು ತೊಂದರೆ. ಜರ್ಮನಿಯ ವಾಹನ ಸವಾರರ ಸಂಘ ಎಡಿಎಸಿ ತನ್ನ ನೆರವಿನ ವಾಹನಗಳು ರಸ್ತೆಯಲ್ಲಿ ನಿಂತ ಕಾರುಗಳ ಬಳಿಗೆ ಹೋದ ಪ್ರಸಂಗಗಳನ್ನು ಲೆಕ್ಕ ಹಾಕುತ್ತದೆ. ಅದರ ಲೆಕ್ಕದಲ್ಲಿ ಇತ್ತೀಚಿನ ವರ್ಷಗಳಲ್ಲಿ ಶೇಕಡ 40ಕ್ಕೂ ಹೆಚ್ಚು ಪ್ರಸಂಗಗಳಿಗೆ ಕಾರಣ ಸಾಮಾನ್ಯ 12 ವೋಲ್ಟ್ ಬ್ಯಾಟರಿ. ಮೊಬೈಲ್ ಜೋಡಣೆ ಕೈಕೊಟ್ಟರೆ ಕಿರಿಕಿರಿ, ಬ್ಯಾಟರಿ ಕೈಕೊಟ್ಟರೆ ನಡುದಾರಿ. ನನಗೆ ಎರಡನೆಯದೇ ಮುಖ್ಯ, ಆದ್ದರಿಂದ ಎಡಿಎಸಿಯ ಪಟ್ಟಿಗೆ ಹೆಚ್ಚು ತೂಕ ಕೊಡುತ್ತೇನೆ. ನಾಲ್ಕು ವರ್ಷ ದಾಟಿದ ಬ್ಯಾಟರಿಯನ್ನು ಸರ್ವಿಸ್‌ನ ದಿನ ಪರೀಕ್ಷಿಸಿ ಕೊಡಿ ಎಂದು ಕೇಳುವುದನ್ನು ರೂಢಿ ಮಾಡಿಕೊಳ್ಳಿ.

ಕಡಿಮೆ ಓಡಿದ ಹಳೆಯ ಕಾರು ಒಳ್ಳೆಯದು ತಾನೇ?

ಯಾವಾಗಲೂ ಅಲ್ಲ. ನಿಂತ ಕಾರು ಬೇರೆ ರೀತಿಯಲ್ಲಿ ಹಾಳಾಗುತ್ತದೆ. ರಬ್ಬರು ಒಣಗಿ ಬಿರಿಯುತ್ತದೆ, ಬ್ರೇಕ್ ಡಿಸ್ಕಿಗೆ ತುಕ್ಕು ಏರುತ್ತದೆ. ಎರಡು ಮೂರು ಕಿಲೋಮೀಟರಿನ ಓಡಾಟ ಮಾತ್ರ ಕಂಡ ಎಂಜಿನ್ನಿನಲ್ಲಿ ಆಯಿಲ್ ಪೂರ್ತಿ ಕಾಯುವುದೇ ಇಲ್ಲ. ಸುಡದ ಇಂಧನವೂ ನೀರಿನ ತೇವವೂ ಆಯಿಲಿಗೆ ಸೇರುತ್ತವೆ. ಡೀಸೆಲ್ ಕಾರಿನಲ್ಲಿ ಇದು ಇನ್ನೂ ಕೆಟ್ಟದ್ದು. ಮಸಿ ಹಿಡಿಯುವ ಫಿಲ್ಟರ್ ತನ್ನೊಳಗಿನ ಮಸಿಯನ್ನು ಸುಮಾರು 600 ಡಿಗ್ರಿಯಲ್ಲಿ ಸುಟ್ಟುಕೊಳ್ಳಬೇಕು, ಅದಕ್ಕೆ ಬಿಡುವಿಲ್ಲದ ಓಟ ಬೇಕು. ನಗರದೊಳಗೆ ಮಾತ್ರ ಓಡಾಡುವವರು ಡೀಸೆಲ್ ಕಾರು ಕೊಳ್ಳಬೇಡಿ ಎಂದು ನಾನು ಕೈಮುಗಿದು ಹೇಳುವುದು ಈ ಫಿಲ್ಟರಿನ ಬಿಲ್ಲನ್ನು ನೋಡಿ.

ಕಡಿಮೆ ದೂರ ತೋರಿಸುವ ಕಾರಿನ ಟೈರಿನ ಬದಿಯಲ್ಲಿರುವ ನಾಲ್ಕಂಕಿಯನ್ನೂ ಓದಿ. 2319 ಎಂದಿದ್ದರೆ 2019ರ 23ನೆಯ ವಾರದಲ್ಲಿ ತಯಾರಾದದ್ದು. ಹತ್ತು ವರ್ಷದ ಕಾರು ಇಪ್ಪತ್ತು ಸಾವಿರ ಕಿಲೋಮೀಟರ್ ಮಾತ್ರ ಓಡಿದೆ ಎನ್ನುತ್ತಾ ಮೂರನೆಯ ಜೊತೆ ಟೈರು ತೊಟ್ಟಿದ್ದರೆ, ಮೀಟರಿನ ಮಾತು ನಂಬಬೇಡಿ. ಬ್ರಿಟನ್ನಿನಲ್ಲಿ ನೋಂದಣಿ ಸಂಖ್ಯೆ ಕೊಟ್ಟರೆ ಹಿಂದಿನ ಎಂಒಟಿ ಫಲಿತಾಂಶಗಳನ್ನೂ ಆಯಾ ದಿನದ ಮೀಟರ್ ಓದನ್ನೂ ಯಾರು ಬೇಕಾದರೂ ಉಚಿತವಾಗಿ ನೋಡಬಹುದು. ಎಲ್ಲ ದೇಶಗಳೂ ಅನುಸರಿಸಬೇಕಾದ ಪದ್ಧತಿ ಇದು.

ಯಾವ ಖರ್ಚನ್ನು ಎಂದೂ ಉಳಿಸಬಾರದು?

ಮೊದಲನೆಯದು ಎಂಜಿನ್ ಆಯಿಲ್. 30,000 ಕಿಲೋಮೀಟರ್ ಇಲ್ಲವೇ ಎರಡು ವರ್ಷಕ್ಕೊಮ್ಮೆ ಬದಲಿಸಿದರೆ ಸಾಕೆಂದು ಕೆಲವು ಕೈಪಿಡಿಗಳು ಹೇಳುತ್ತವೆ. ಆ ಅಂತರ ಹೆದ್ದಾರಿಯಲ್ಲಿ ಉದ್ದಕ್ಕೆ ಓಡುವ ಕಾರಿಗೆ ಹೊಂದುವಂಥದ್ದು. ನಗರದ ಕಾರಿಗೆ ಅದರ ಅರ್ಧಕ್ಕೇ ಬದಲಿಸಿ.

ಎರಡನೆಯದು ಬ್ರೇಕ್ ಆಯಿಲ್. ಅದು ಗಾಳಿಯ ತೇವವನ್ನು ಹೀರಿಕೊಳ್ಳುವ ದ್ರವ. ಡಾಟ್ 4 ದರ್ಜೆಯದು ಹೊಸದಿರುವಾಗ ಕನಿಷ್ಠ 230 ಡಿಗ್ರಿಯವರೆಗೆ ಕುದಿಯಬಾರದು. ತೇವ ಹೀರಿದ ಮೇಲೆ ಆ ಮಾನದಂಡವೇ 155 ಡಿಗ್ರಿಗೆ ಇಳಿಯುತ್ತದೆ. ಘಾಟಿ ಇಳಿಯುವಾಗ ಬ್ರೇಕ್ ಕಾದು ದ್ರವ ಕುದಿದರೆ ಪೆಡಲ್ ನೆಲಕ್ಕಿಳಿಯುತ್ತದೆ, ಕಾರು ನಿಲ್ಲುವುದಿಲ್ಲ. ಎರಡು ವರ್ಷಕ್ಕೊಮ್ಮೆ ಬದಲಿಸುವ ಖರ್ಚು ಒಂದು ಟೈರಿನ ಬೆಲೆಗಿಂತ ಕಡಿಮೆ.

ಮೂರನೆಯದು ಎಂಜಿನ್ನಿನ ಪಿಸ್ಟನ್ ಮತ್ತು ವಾಲ್ವ್‌ಗಳ ಚಲನೆಯನ್ನು ಹೊಂದಿಸುವ ಟೈಮಿಂಗ್ ಬೆಲ್ಟ್, ಅದಕ್ಕೆ ಬೇರೆಯದೇ ಉತ್ತರ ಬೇಕು.

ಟೈಮಿಂಗ್ ಬೆಲ್ಟ್ ಚೆನ್ನಾಗಿಯೇ ಕಾಣುತ್ತಿದೆ, ಇನ್ನೊಂದು ವರ್ಷ ತಳ್ಳಬಹುದೇ?

ದಯವಿಟ್ಟು ಬೇಡ. ಬಹಳಷ್ಟು ಎಂಜಿನ್‌ಗಳಲ್ಲಿ ಬೆಲ್ಟ್ ತುಂಡಾದ ಕ್ಷಣದಲ್ಲೇ ಪಿಸ್ಟನ್‌ಗಳು ತೆರೆದ ವಾಲ್ವ್‌ಗಳಿಗೆ ಬಡಿಯುತ್ತವೆ, ಎಂಜಿನ್ ಅಲ್ಲಿಗೇ ಮುಗಿಯುತ್ತದೆ. ಕೈಪಿಡಿಯಲ್ಲಿ ದೂರ ಮತ್ತು ವರ್ಷ ಎರಡನ್ನೂ ಬರೆದಿರುತ್ತಾರೆ, ಯಾವುದು ಮೊದಲು ಬರುತ್ತದೋ ಅದು. ಜೊತೆಗೆ ವಾಟರ್ ಪಂಪನ್ನೂ ಬದಲಿಸಿ, ಬಿಚ್ಚುವ ಕೂಲಿ ಒಮ್ಮೆ ಕೊಟ್ಟರೆ ಸಾಕಾಗುತ್ತದೆ.

ಆಯಿಲಿನಲ್ಲೇ ಮುಳುಗಿ ಓಡುವ ಬೆಲ್ಟ್‌ಗಳ ಬಗ್ಗೆ ಇನ್ನೂ ಹೆಚ್ಚಿನ ಎಚ್ಚರ ಬೇಕು. ಫೋರ್ಡ್‌ನ 1.0 ಲೀಟರ್ ಇಕೋಬೂಸ್ಟ್, ಪೆಜೊ ಮತ್ತು ಸಿಟ್ರೊಯೆನ್‌ಗಳ 1.2 ಲೀಟರ್ ಪ್ಯೂರ್‌ಟೆಕ್ ಎಂಜಿನ್‌ಗಳಲ್ಲಿ ಇಂಥ ಬೆಲ್ಟ್ ಇತ್ತು. ಬೆಲ್ಟಿನ ರಬ್ಬರು ಕರಗಿ ಉದುರಿದ ಚೂರುಗಳು ಆಯಿಲ್ ಹೀರುವ ಜಾಲರಿಯನ್ನು ಮುಚ್ಚಿದರೆ ಎಂಜಿನ್ನಿಗೆ ಆಯಿಲೇ ಸಿಗುವುದಿಲ್ಲ. ಪ್ಯೂರ್‌ಟೆಕ್ ವಿಚಾರದಲ್ಲಿ ಪೆಜೊ, ಸಿಟ್ರೊಯೆನ್‌ಗಳ ಮಾತೃಸಂಸ್ಥೆಯಾದ ಸ್ಟೆಲ್ಲಾಂಟಿಸ್ ಕಂಪನಿ ಯುರೋಪಿನಲ್ಲಿ ಹತ್ತು ವರ್ಷ ಅಥವಾ 1,75,000 ಕಿಲೋಮೀಟರ್‌ವರೆಗೆ ಹೊಣೆ ಹೊರಬೇಕಾಯಿತು. ಆದರೆ ಸರ್ವಿಸ್ ಸರಿಯಾಗಿ ಆಗಿರಬೇಕೆಂಬುದು ಅದರ ಷರತ್ತು. ಇಂಥ ಎಂಜಿನ್ ಇರುವ ಕಾರನ್ನು ಸರ್ವಿಸ್ ರಸೀದಿಗಳಿಲ್ಲದೆ ಕೊಳ್ಳಲೇಬೇಡಿ.

ವಿದ್ಯುತ್ ಕಾರು, ಹೈಬ್ರಿಡ್ ಕಾರುಗಳಿಗೆ ಈ ತಾಪತ್ರಯ ಇಲ್ಲವೇ?

ವಿದ್ಯುತ್ ಕಾರಿಗೆ ಎಂಜಿನ್ ಆಯಿಲ್, ಟೈಮಿಂಗ್ ಬೆಲ್ಟ್, ಸೈಲೆನ್ಸರ್ ಇಲ್ಲ ಎಂಬುದು ನಿಜ. ಹೈಬ್ರಿಡ್‌ಗಳು ಎರಡು ಯಂತ್ರಗಳಿರುವುದರಿಂದ ಎರಡು ಪಟ್ಟು ಕೆಡುತ್ತವೆ ಎಂಬ ಭಯ ಮಾತ್ರ ಸುಳ್ಳಾಗಿದೆ. ಅಮೆರಿಕದ ಗ್ರಾಹಕ ಸಂಸ್ಥೆ ಕನ್ಸ್ಯೂಮರ್ ರಿಪೋರ್ಟ್ಸ್ 2023ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ ಹೈಬ್ರಿಡ್‌ಗಳಿಗೆ ಪೆಟ್ರೋಲ್ ಕಾರುಗಳಿಗಿಂತ ಶೇಕಡ 26ರಷ್ಟು ಕಡಿಮೆ ತೊಂದರೆಗಳಿದ್ದವು. ಟೊಯೋಟಾದ ಹೈಬ್ರಿಡ್ ವ್ಯವಸ್ಥೆಯಲ್ಲಿ ಕ್ಲಚ್ ಇಲ್ಲ, ಬೇರೆ ಸ್ಟಾರ್ಟರ್ ಮೋಟರ್ ಇಲ್ಲ, ಆಲ್ಟರ್ನೇಟರ್ ಇಲ್ಲ. ಇಲ್ಲದ ಭಾಗ ಕೆಡುವುದಿಲ್ಲ.

ವಿದ್ಯುತ್ ಕಾರು ಪರೀಕ್ಷೆಯಲ್ಲಿ ಸೋಲುವುದು ಬ್ರೇಕ್‌ನಲ್ಲಿ. ವೇಗ ತಗ್ಗಿಸುವ ಕೆಲಸವನ್ನು ಮೋಟರೇ ಮಾಡುವುದರಿಂದ ಡಿಸ್ಕಿಗೆ ದುಡಿಮೆ ಇಲ್ಲ, ಮೇಲೆ ತುಕ್ಕಿನ ಪದರ ಕೂರುತ್ತದೆ. ವಾರಕ್ಕೊಮ್ಮೆ ಹಿಂದೆ ಯಾರೂ ಇಲ್ಲದ ರಸ್ತೆಯಲ್ಲಿ ಕೆಲವು ಬಾರಿ ಗಟ್ಟಿಯಾಗಿ ಬ್ರೇಕ್ ತುಳಿಯಿರಿ, ಡಿಸ್ಕ್ ಹೊಳಪಾಗಿ ಉಳಿಯುತ್ತದೆ. ಬ್ಯಾಟರಿಯ ಭಾರದಿಂದ ಟೈರು ಮತ್ತು ಬುಷ್‌ಗಳ ಮೇಲೆ ಒತ್ತಡವೂ ಹೆಚ್ಚು.

ನಪಾಸಾದ ಕಾರನ್ನು ಮನೆಗೆ ಓಡಿಸಿಕೊಂಡು ಹೋಗಬಹುದೇ?

ದೋಷದ ದರ್ಜೆಯನ್ನು ನೋಡಿ. ಯುರೋಪಿಯನ್ ಒಕ್ಕೂಟದ ನಿಯಮದಂತೆ ಸಣ್ಣ, ಗಂಭೀರ, ಅಪಾಯಕಾರಿ ಎಂಬ ಮೂರು ದರ್ಜೆಗಳಿವೆ. ಬ್ರಿಟನ್ ಇದನ್ನು 2018ರ ಮೇ ತಿಂಗಳಿಂದ ಬಳಸುತ್ತಿದೆ. ಅಪಾಯಕಾರಿ ಎಂದು ಬರೆದಿದ್ದರೆ ಪಕ್ಕದ ಬೀದಿಗೂ ಓಡಿಸಬೇಡಿ, ಎಳೆದೊಯ್ಯುವ ವಾಹನ ಕರೆಸಿ.

ದುರಸ್ತಿ ಮಾಡಿಸುತ್ತಲೇ ಇರಬೇಕೇ, ಕಾರನ್ನು ಬಿಟ್ಟುಬಿಡಬೇಕೇ?

"ದುರಸ್ತಿಯ ಖರ್ಚು ಕಾರಿನ ಬೆಲೆಗಿಂತ ಹೆಚ್ಚಾದರೆ ಮಾರಿಬಿಡು" ಎಂದು ಎಲ್ಲರೂ ಹೇಳುತ್ತಾರೆ. ನಾನು ಈ ಲೆಕ್ಕವನ್ನು ಒಪ್ಪುವುದಿಲ್ಲ. ಹೋಲಿಸಬೇಕಾದದ್ದು ದುರಸ್ತಿಯ ಮೊತ್ತವನ್ನು, ಅದರ ಬದಲಿಗೆ ಕೊಳ್ಳುವ ಕಾರಿನ ಒಂದು ವರ್ಷದ ಒಟ್ಟು ವೆಚ್ಚದೊಂದಿಗೆ: ಕಂತು, ವಿಮೆ, ಬೆಲೆಯ ಕುಸಿತ ಎಲ್ಲ ಸೇರಿಸಿ. ಹಾಗೆ ನೋಡಿದರೆ ಕ್ಲಚ್, ಸಸ್ಪೆನ್ಷನ್, ಅಷ್ಟೇಕೆ ಗೇರ್‌ಬಾಕ್ಸ್ ಕೂಡ ಹಲವು ಬಾರಿ ಮಾಡಿಸತಕ್ಕ ಕೆಲಸವೇ. ಚರಿತ್ರೆ ಗೊತ್ತಿರುವ ಹಳೆಯ ಕಾರು, ಚರಿತ್ರೆ ಗೊತ್ತಿಲ್ಲದ ಸ್ವಲ್ಪ ಹೊಸ ಕಾರಿಗಿಂತ ಎಷ್ಟೋ ಮೇಲು.

ಒಂದಕ್ಕೆ ಮಾತ್ರ ವಿನಾಯಿತಿ ಕೊಡಲಾರೆ, ಅದು ಕಾರಿನ ಭಾರ ಹೊರುವ ಭಾಗಕ್ಕೆ ಹತ್ತಿದ ತುಕ್ಕು. ಬಾಗಿಲಿನ ಕೆಳಗಿನ ಚೌಕಟ್ಟು, ಸಸ್ಪೆನ್ಷನ್ ಕೂರುವ ಜಾಗ, ಸೀಟ್ ಬೆಲ್ಟ್ ಬಿಗಿದಿರುವ ಜಾಗ ಇವುಗಳಲ್ಲಿ ಸ್ಕ್ರೂಡ್ರೈವರ್ ತುದಿ ಒತ್ತಿದರೆ ಒಳಹೋಗುವಂತಿದ್ದರೆ, ಅಪಘಾತದಲ್ಲಿ ಆ ಚೌಕಟ್ಟು ಒಳಗಿರುವವರನ್ನು ಕಾಯಲಾರದು. ಮೇಲೊಂದು ತಗಡು ಬೆಸೆದು, ಕಪ್ಪು ಬಳಿದು ಪಾಸು ಮಾಡಿಸಿಕೊಡುತ್ತೇವೆ ಎನ್ನುವವರು ಸಿಗುತ್ತಾರೆ. ಆ ಕಾರನ್ನು ಬೇರೆ ಕುಟುಂಬಕ್ಕೆ ಮಾರಲೂ ಬೇಡಿ, ಗುಜರಿಗೇ ಕಳಿಸಿ.